ಅಲ್ಮೋಡಾನಾ, ಪಾಲಂಪುರನಾ: ರಸ್ತೆಯಿಂದ 187 ಮೆಟ್ಟಿಲು

ಹಿಮಾಲಯದ ಕಡೆ ಬಾಡಿಗೆ ಮನೆ ಮಾಡಿ ಇರುವುದಾದರೆ ಉತ್ತರಾಖಂಡದ ಅಲ್ಮೋಡಾನಾ, ಹಿಮಾಚಲದ ಪಾಲಂಪುರನಾ? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಾಲಂಪುರಕ್ಕೆ. ಎರಡೂ ಕಡೆ ಸಮವಾಗಿ ತೂಗಿ ಬರೆದಿದ್ದಾಳೆ ಅಂತ ಯಾರೂ ನಂಬಬೇಡಿ. ಅಲ್ಮೋಡಾ ಹತ್ತಿರ ಐದು ತಿಂಗಳು ಇದ್ದು, ಎರಡು ತಿಂಗಳ ಅಡ್ವಾನ್ಸ್ ಕಳೆದುಕೊಂಡು, ಒಂದು ಕಾಲು ಉಳುಕಿಸಿಕೊಂಡು (ನನ್ನದಲ್ಲ, ನಮ್ಮನೆಯವರದು) ಬಂದವಳು ನಾನು.

ನಮ್ಮ ಕಥೆ ಇಷ್ಟೇ. ಮಗಳು ಕೆಲಸ ಸಿಕ್ಕಿ ಪುಣೆಗೆ ಹೋದಳು. ಇವರು ವಿಆರ್‌ಎಸ್ ತಗೊಂಡರು. ನಾನು ಸಣ್ಣ ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವವಳು, ಲ್ಯಾಪ್‌ಟಾಪು ಮತ್ತು ನೆಟ್ ಇದ್ದರೆ ಎಲ್ಲಿ ಕೂತರೂ ನಡೆಯುತ್ತದೆ. ಬೆಂಗಳೂರಿನ ವಿಜಯನಗರದ ಮನೆಗೆ ಬಾಡಿಗೆ 28 ಸಾವಿರ, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ಅದಕ್ಕೆ ಒಂದೆರಡು ವರ್ಷ ಬೆಟ್ಟದ ಕಡೆ ಇದ್ದು ನೋಡೋಣ ಅಂತ ಹೊರಟೆವು. ಬಾಡಿಗೆ 15 ಸಾವಿರ ದಾಟಬಾರದು, ಅದೊಂದೇ ಷರತ್ತು. "ಬೆಟ್ಟ ಬೇಕಂದ್ರೆ ಸಕಲೇಶಪುರ ಇಲ್ವೇನೇ?" ಅಂತ ನಮ್ಮಮ್ಮ ಕೇಳಿದರು. ಅದಕ್ಕೆ ಸರಿಯಾದ ಉತ್ತರ ನನ್ನ ಹತ್ತಿರ ಇವತ್ತಿಗೂ ಇಲ್ಲ. ಅಡುಗೆಮನೆ ಕಿಟಕಿಯಿಂದ ಹಿಮ ಕಾಣಬೇಕಿತ್ತು, ಅಷ್ಟೇ.

ಉತ್ತರಾಖಂಡ ಮೊದಲು ಬಂದದ್ದು ಇವರ ಆಸೆಯಿಂದ. ಇವರಿಗೆ ಒಂದು ತುಂಡು ಜಾಗ ಕೊಳ್ಳುವ ಹುಚ್ಚು. ಹಿಮಾಚಲದಲ್ಲಿ 1972ರ ಭೂಸುಧಾರಣೆ ಕಾಯ್ದೆಯ 118ನೇ ಸೆಕ್ಷನ್ ಇದೆ. ಅಲ್ಲಿನ ರೈತರಲ್ಲದವರು ಸರ್ಕಾರದ ಅನುಮತಿ ಇಲ್ಲದೆ ಜಮೀನು ಕೊಳ್ಳುವಂತಿಲ್ಲ. ನೀವು ತುಮಕೂರಿನಲ್ಲಿ ಎಷ್ಟು ಎಕರೆ ರೈತರಾದರೂ ಅಲ್ಲಿ ಲೆಕ್ಕಕ್ಕಿಲ್ಲ. ಉತ್ತರಾಖಂಡದಲ್ಲಿ ಹೊರಗಿನವರು ಮನೆ ಕಟ್ಟಲು 250 ಚದರ ಮೀಟರ್‌ವರೆಗೆ ಕೊಳ್ಳಬಹುದು. ಅಂದರೆ ನಮ್ಮ 40x60 ಸೈಟಿಗಿಂತ ಒಂದು ಚೂರು ದೊಡ್ಡದು. ಆ ಲೆಕ್ಕ ಹಾಕಿದ ದಿನ ಇವರ ಮುಖ ನೋಡಬೇಕಿತ್ತು. ನಾವು ಅಲ್ಲಿದ್ದಾಗಲೇ, 2025ರ ಫೆಬ್ರವರಿಯಲ್ಲಿ, ಅಲ್ಲಿನ ವಿಧಾನಸಭೆ ಕಾನೂನು ಇನ್ನಷ್ಟು ಬಿಗಿ ಮಾಡಿತು. ಹರಿದ್ವಾರ, ಊಧಮ್ ಸಿಂಗ್ ನಗರ ಬಿಟ್ಟು ಉಳಿದ 11 ಜಿಲ್ಲೆಗಳಲ್ಲಿ ಹೊರಗಿನವರಿಗೆ ಹೊಲ, ತೋಟದ ಜಮೀನು ಇಲ್ಲ. ಆ ಹೊತ್ತಿಗೆ ಇವರಿಗೂ ಜಾಗದ ಆಸೆ ಇಳಿದಿತ್ತು, ಕಾನೂನಿನಿಂದ ಅಲ್ಲ, ಮೆಟ್ಟಿಲಿನಿಂದ.

ಆ ಮೆಟ್ಟಿಲಿನ ವಿಷಯ ಸ್ವಲ್ಪ ಉದ್ದ ಇದೆ, ಕೂತು ಓದಿ.

ಅಲ್ಮೋಡಾದಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಮನೆ ಸಿಕ್ಕಿತು. ಬಾಡಿಗೆ 11 ಸಾವಿರ. ಮುಂದೆ ಅಂಗಳ, ಅಂಗಳದಲ್ಲಿ ನಿಂತರೆ ತ್ರಿಶೂಲ ಪರ್ವತ, ಪಕ್ಕದಲ್ಲಿ ನಂದಾದೇವಿ. "ರಸ್ತೆಯಿಂದ ಬರೀ ಐದು ನಿಮಿಷ" ಅಂದರು ತೋರಿಸಿದವರು. ಸುಳ್ಳೇನಲ್ಲ. ಅಕ್ಟೋಬರ್ ಬಿಸಿಲಿನಲ್ಲಿ, ಕೈಯಲ್ಲಿ ಒಂದು ನೀರಿನ ಬಾಟಲಿ ಹಿಡಿದು, ಇಳಿಯುತ್ತಾ ಹೋದಾಗ ಐದೇ ನಿಮಿಷ ಆಯಿತು. ಮನೆ ರಸ್ತೆಗಿಂತ ಕೆಳಗಿತ್ತು. ಇದೇ ಮೋಸ ಹೋಗುವ ಜಾಗ. ಮನೆ ನೋಡಲು ಹೋಗುವಾಗ ಇಳಿಯುತ್ತೀರಿ, ಕಾಲಿಗೆ ಏನೂ ಗೊತ್ತಾಗುವುದಿಲ್ಲ, ಕೆಳಗೆ ಹಿಮಾಲಯ ಕಾಣುತ್ತದೆ, ತಲೆ ತಿರುಗಿಬಿಡುತ್ತದೆ. ವಾಪಸು ಹತ್ತುವಾಗ ಏದುಸಿರು ಬಂದರೂ ಅಷ್ಟರಲ್ಲಿ ಅಡ್ವಾನ್ಸ್ ಕೊಟ್ಟಾಗಿರುತ್ತದೆ.

ಆಮೇಲೆ ಎಣಿಸಿದೆ, 187 ಮೆಟ್ಟಿಲು, ನಡುವೆ ಎರಡು ಕಡೆ ಮಣ್ಣಿನ ಇಳಿಜಾರು. ನಮ್ಮ ಲೆಕ್ಕದಲ್ಲಿ ಲಿಫ್ಟ್ ಇಲ್ಲದ ಒಂಬತ್ತನೇ ಮಹಡಿ, ಅದೂ ತಲೆಕೆಳಗಾದದ್ದು. ಸಾಮಾನು ಬಂದ ದಿನ ಲಾರಿ ರಸ್ತೆಯಲ್ಲಿ ನಿಂತಿತು. ಬರುವಾಗ ಕ್ವಾರಬ್ ಹತ್ತಿರ ಗುಡ್ಡ ಕುಸಿದು ಗಾಡಿಗಳನ್ನು ನಿಲ್ಲಿಸಿ ನಿಲ್ಲಿಸಿ ಬಿಟ್ಟಿದ್ದರಿಂದ ಮುಟ್ಟುವಾಗಲೇ ಸಂಜೆ. ಇಬ್ಬರು ನೇಪಾಳಿ ಅಣ್ಣಂದಿರು ಹಣೆಗೆ ಪಟ್ಟಿ ಹಾಕಿಕೊಂಡು ಫ್ರಿಜ್ಜನ್ನು ಬೆನ್ನ ಮೇಲೆ ಹೊತ್ತು ಇಳಿಸಿದರು. ನನಗೆ ನೋಡಲೂ ಆಗಲಿಲ್ಲ, ಕಣ್ಣು ಮುಚ್ಚಲೂ ಆಗಲಿಲ್ಲ.

ಇನ್ನು ಗ್ಯಾಸ್. ಗ್ಯಾಸ್ ಗಾಡಿ ವಾರಕ್ಕೊಮ್ಮೆ ರಸ್ತೆಗೆ ಬರುತ್ತದೆ, ಹಾರ್ನ್ ಹೊಡೆಯುತ್ತದೆ, ಹತ್ತು ನಿಮಿಷ ನಿಲ್ಲುತ್ತದೆ, ಹೋಗುತ್ತದೆ. ಅಷ್ಟರೊಳಗೆ ಖಾಲಿ ಸಿಲಿಂಡರ್ ಹೊತ್ತು ಮೇಲೆ ಮುಟ್ಟಿರಬೇಕು. ತುಂಬಿದ ಸಿಲಿಂಡರ್ ಅಂದರೆ ಒಳಗೆ 14.2 ಕೆಜಿ ಗ್ಯಾಸು, ಹೊರಗೆ ಕಬ್ಬಿಣ ಹೆಚ್ಚುಕಡಿಮೆ ಅಷ್ಟೇ ತೂಕ. ಮೊದಲ ಸಲ ಇವರೇ ಹೊರುತ್ತೇನೆ ಅಂತ ಹೋಗಿ ಮೂವತ್ತನೇ ಮೆಟ್ಟಿಲಿನಲ್ಲಿ ಅದರ ಮೇಲೇ ಕೂತುಬಿಟ್ಟರು. ಎರಡನೇ ಸಲದಿಂದ 200 ರೂಪಾಯಿ ಕೊಟ್ಟು ಹೊರಿಸಿದೆವು. ಒಂದು ವಾರ ಹಾರ್ನ್ ಕೇಳಿಸಲಿಲ್ಲ, ನಾನು ಕ್ಲೈಂಟ್ ಜೊತೆ ಫೋನಿನಲ್ಲಿದ್ದೆ. ಆ ವಾರವೆಲ್ಲ ಕರೆಂಟ್ ಒಲೆ. ಕರೆಂಟ್ ಇಲ್ಲದಾಗ ಬಿಸ್ಕತ್ತು.

ಆಮೇಲೆ ಎಲ್ಲವೂ ಮೆಟ್ಟಿಲಿನ ಲೆಕ್ಕವೇ. ಕೊರಿಯರ್‌ನವರು ಪಾರ್ಸೆಲನ್ನು ಮೇಲಿನ ಟೀ ಅಂಗಡಿಯಲ್ಲಿ ಇಟ್ಟು ಹೋಗುತ್ತಿದ್ದರು. ಕುಂಬಳಕಾಯಿ ಕೊಳ್ಳುವ ಮುಂಚೆ ಯೋಚಿಸುತ್ತಿದ್ದೆ. ಕೊತ್ತಂಬರಿ ಸೊಪ್ಪು ಮರೆತು ಬಂದರೆ ಅವತ್ತು ಸಾರಿಗೆ ಕೊತ್ತಂಬರಿ ಇಲ್ಲ, ಮುಗೀತು. ಸಂಜೆ ಐದೂವರೆ ಮೇಲೆ ಹತ್ತಬೇಡಿ, ಚಿರತೆ ಓಡಾಡುತ್ತದೆ ಅಂತ ಊರವರು ಹೇಳಿದ್ದರು. ಚಳಿಗಾಲದಲ್ಲಿ ಐದೂವರೆಗೇ ಕತ್ತಲು.

ನಾಚಿಕೆಯಾಗುತ್ತಿದ್ದದ್ದು ಪಕ್ಕದ ಮನೆಯ ಆಮಾ ಎದುರು. ಅಜ್ಜಿಗೆ ಅಲ್ಲಿ ಆಮಾ ಅನ್ನುತ್ತಾರೆ. ಎಪ್ಪತ್ತು ದಾಟಿದ ಹೆಂಗಸು ದಿನಕ್ಕೆ ಎರಡು ಸಲ ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಅದೇ ದಾರಿಯಲ್ಲಿ ಓಡಾಡುತ್ತಿದ್ದರು, ನಡುದಾರಿಯಲ್ಲಿ ಕೂತ ನನ್ನನ್ನು ನೋಡಿ ನಗುತ್ತಿದ್ದರು. ಅವರ ಮೂವರು ಮಕ್ಕಳೂ ಕೆಳಗೆ, ಹಲ್ದ್ವಾನಿ, ದೆಹಲಿಯಲ್ಲಿ. 2001ರಿಂದ 2011ರ ನಡುವೆ ಅಲ್ಮೋಡಾ ಮತ್ತು ಪೌಡಿ ಜಿಲ್ಲೆಗಳ ಜನಸಂಖ್ಯೆ ಕಡಿಮೆಯಾಯಿತು ಅಂತ ಜನಗಣತಿಯಲ್ಲಿ ಓದಿದ್ದೆ. ಮೆಟ್ಟಿಲು ಹತ್ತಿದ ಮೇಲೆ ಅರ್ಥವಾಯಿತು. ಬಿಟ್ಟು ಹೋಗಬಲ್ಲವರೆಲ್ಲ ಬಿಟ್ಟು ಹೋಗಿದ್ದ ಊರಿಗೆ ನಾವು ಬಾಡಿಗೆ ಕೊಟ್ಟು ಬಂದಿದ್ದೆವು.

ಫೆಬ್ರವರಿ ಕೊನೆಯಲ್ಲಿ ಇವರು ಜಾರಿದರು. ಚೀಡ್ (ಪೈನ್) ಮರದ ಒಣಗಿದ ಸೂಜಿಯೆಲೆಗೆ ಅಲ್ಲಿ ಪಿರೂಲ್ ಅನ್ನುತ್ತಾರೆ. ದಾರಿ ಮೇಲೆ ಅದು ಬಿದ್ದಿದ್ದರೆ ಎಣ್ಣೆ ಸುರಿದ ಹಾಗೆ. ಕಾಲು ಮುರಿದಿರಲಿಲ್ಲ, ಆದರೆ ಊದಿಕೊಂಡು ಚಪ್ಪಲಿ ಹಿಡಿಸುತ್ತಿರಲಿಲ್ಲ. ಊರಿನ ನಾಲ್ಕು ಹುಡುಗರು ಬಂದು ಇವರನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಹಗ್ಗ ಬಿಗಿದು, ಭುಜದ ಮೇಲೆ ಹೊತ್ತು 187 ಮೆಟ್ಟಿಲು ಹತ್ತಿಸಿದರು. "ದಾಜ್ಯೂ, ಗಟ್ಟಿಯಾಗಿ ಹಿಡಿದುಕೊಳ್ಳಿ" ಅಂತ ದಾರಿಯುದ್ದಕ್ಕೂ ಹೇಳುತ್ತಲೇ ಇದ್ದರು. ದಾಜ್ಯೂ ಅಂದರೆ ಅಣ್ಣ. ದುಡ್ಡು ಕೊಡಲು ಹೋದರೆ ಬೈದರು. ಇಂಥ ಜನ ಪಾಲಂಪುರದಲ್ಲಿ ನನಗೆ ಇನ್ನೂ ಸಿಕ್ಕಿಲ್ಲ, ಅದನ್ನು ಒಪ್ಪಿಕೊಳ್ಳುತ್ತೇನೆ. ಆದರೆ ಕುರ್ಚಿಯ ಹಿಂದೆ ಹತ್ತುತ್ತಾ ನಾನು ಯೋಚಿಸಿದ್ದು ಒಂದೇ, ಇದು ಉಳುಕು, ನಾಳೆ ಎದೆನೋವು ಬಂದರೆ?

ಮಾರ್ಚ್‌ನಲ್ಲಿ ಖಾಲಿ ಮಾಡಿದೆವು. 11 ತಿಂಗಳ ಕರಾರು ಮುರಿದಿರಿ ಅಂತ ಮಾಲೀಕರು ಅಡ್ವಾನ್ಸ್ ಇಟ್ಟುಕೊಂಡರು. ಜಗಳ ಮಾಡುವ ಶಕ್ತಿ ಇರಲಿಲ್ಲ.

ಈಗ ಪಾಲಂಪುರ. ಹಿಮಾಚಲದ ಕಾಂಗ್ರಾ ಕಣಿವೆ, ಎತ್ತರ ಸುಮಾರು 1,200 ಮೀಟರ್, ಅಲ್ಮೋಡಾಕ್ಕಿಂತ 400 ಮೀಟರ್ ಕಡಿಮೆ. ಬಾಡಿಗೆ 14 ಸಾವಿರ. ಮನೆ ನೋಡಲು ಹೋದಾಗ ನಾನು ಮಾಡಿದ ಮೊದಲ ಕೆಲಸ, ಕಾರಿನಿಂದ ಇಳಿದು ಗೇಟಿನವರೆಗೆ ಹೆಜ್ಜೆ ಎಣಿಸಿದ್ದು. ಒಂಬತ್ತು. ಮಾಲೀಕರ ಹೆಂಡತಿ ಈಕೆಗೆ ಏನೋ ಆಗಿದೆ ಅಂದುಕೊಂಡಿರಬೇಕು.

ಜನಗಣತಿ ಹಿಡಿದು ನೋಡಿದರೆ ಹಿಮಾಚಲವೇ ಜಾಸ್ತಿ ಹಳ್ಳಿ. 2011ರಲ್ಲಿ ನೂರಕ್ಕೆ ತೊಂಬತ್ತು ಜನ ಹಳ್ಳಿಯಲ್ಲಿದ್ದರು, ದೇಶದ ಬೇರೆ ಯಾವ ರಾಜ್ಯದಲ್ಲೂ ಪಟ್ಟಣದವರ ಪಾಲು ಇಷ್ಟು ಕಡಿಮೆ ಇರಲಿಲ್ಲ. ಆದರೆ ಇಲ್ಲಿ ಹಳ್ಳಿ ಅಂದರೆ ಬೇರೆ ಥರ. ಧೌಲಾಧಾರ್ ಬೆಟ್ಟಸಾಲು ಗೋಡೆಯ ಹಾಗೆ ಹಿಂದೆ ನಿಂತಿದೆ, ಅದರ ಕೆಳಗೆ ನೆಲ ನಿಧಾನಕ್ಕೆ ಇಳಿಯುತ್ತಾ ಅಗಲವಾಗುತ್ತದೆ. ಅದಕ್ಕೇ ಮನೆ, ಗದ್ದೆ, ಟೀ ತೋಟ, ರಸ್ತೆ ಎಲ್ಲ ಅಕ್ಕಪಕ್ಕ. ಗ್ಯಾಸಿನವನು ಸಿಲಿಂಡರನ್ನು ಅಡುಗೆಮನೆ ಬಾಗಿಲಿಗೆ ತಂದಿಡುತ್ತಾನೆ. ಮೊದಲ ಸಲ ತಂದಾಗ ನಾನು ಅವನಿಗೆ ಟೀ ಕೊಟ್ಟೆ, ಎರಡು ಸಲ ಥ್ಯಾಂಕ್ಸ್ ಹೇಳಿದೆ, ಅವನು ಗಾಬರಿಯಾದ.

ನೀರಿಗೆ ಇಲ್ಲಿ ಕೂಲ್ ಅಂತ ಕಾಲುವೆಗಳಿವೆ, ನ್ಯೂಗಲ್ ಹೊಳೆಯಂಥ ಹೊಳೆಗಳಿಂದ ಪಂಪಿಲ್ಲದೆ ಇಳಿಜಾರಿನಲ್ಲೇ ಗದ್ದೆಗೆ ಹರಿದು ಬರುತ್ತವೆ. ನಮ್ಮ ಕಡೆ ಕೆರೆಗೆ ನೀರುಗಂಟಿ ಇದ್ದ ಹಾಗೆ ಇಲ್ಲಿ ಕಾಲುವೆ ನೋಡಿಕೊಳ್ಳುವವನಿಗೆ ಕೊಹ್ಲಿ ಅನ್ನುತ್ತಾರೆ. ಹೌದು, ಅದೇ ಹೆಸರು. ಆರ್‌ಸಿಬಿ ಭಕ್ತರಾದ ನಮ್ಮನೆಯವರಿಗೆ ಇದು ಪಾಲಂಪುರದ ಪರವಾಗಿ ದೊಡ್ಡ ಪಾಯಿಂಟು.

ನೆಟ್: ಪಾಲಂಪುರದಲ್ಲಿ ಮನೆಗೆ ಫೈಬರ್ ಇದೆ, ಆ ಹಳ್ಳಿಯಲ್ಲಿ ಫೋನಿನ ಹಾಟ್‌ಸ್ಪಾಟ್ ಅಷ್ಟೇ. ಅಲ್ಲಿ ಪ್ರತಿ ತಿಂಗಳು 20ನೇ ತಾರೀಕು, ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಗಡುವು, ಬಂದರೆ ನನಗೆ ಜ್ವರ ಬರುತ್ತಿತ್ತು.

ಕೋತಿ: ಎರಡೂ ಕಡೆ.

ದೋಸೆ ಹಿಟ್ಟು: ಡಿಸೆಂಬರಿನಲ್ಲಿ ಎರಡೂ ಕಡೆ ಹುದುಗುವುದಿಲ್ಲ, ರಗ್ಗಿನೊಳಗೆ ಇಟ್ಟರೂ ಅಷ್ಟೇ.

ಊಟದಲ್ಲಿ ಮಾತ್ರ ಅಲ್ಮೋಡಾ ಗೆದ್ದಿತು, ಅದೂ ನಾನು ತುಮಕೂರಿನವಳಾದ್ದರಿಂದ. ಅಲ್ಲಿನ ಮಂಡುವಾ ಅಂದರೆ ನಮ್ಮ ರಾಗಿಯೇ. ಅವರು ರೊಟ್ಟಿ ತಟ್ಟುತ್ತಾರೆ, ನಾನು ಮುದ್ದೆ ತಿರುವಿದೆ. ಅವರ ಗಹತ್ ಅಂದರೆ ನಮ್ಮ ಹುರುಳಿ. ಜನವರಿಯ ಚಳಿಯಲ್ಲಿ, ಬೆಂಗಳೂರಿನಿಂದ ಅಷ್ಟು ದೂರದಲ್ಲಿ, ರಾಗಿ ಮುದ್ದೆ ಹುರುಳಿ ಸಾರು ಊರಿನ ಅಂಗಡಿ ಸಾಮಾನಿನಲ್ಲೇ ಆಯಿತು. ಆಮಾಗೆ ಒಂದು ಮುದ್ದೆ ಕೊಟ್ಟೆ, ನುಂಗಬೇಕು ಅಂತ ಹೇಳಲು ಮರೆತೆ, ಪಾಪ, ಅಗಿದರು. ಕಾಂಗ್ರಾದವರು ಅನ್ನ ಜಾಸ್ತಿ ತಿನ್ನುವ ಜನ, ಮದುವೆಯ ಧಾಮ್ ಊಟಕ್ಕೆ ನೆಲದ ಮೇಲೆ ಪಂಕ್ತಿಯಲ್ಲಿ ಕೂರಿಸಿ ಎಲೆಯಲ್ಲಿ ಬಡಿಸುತ್ತಾರೆ, ಅದು ಚೆನ್ನಾಗಿದೆ. ಆದರೆ ನನಗೆ ಮುದ್ದೆ ಮುದ್ದೆಯೇ.

ಪಾಲಂಪುರದ ಕೆಟ್ಟದ್ದೂ ಹೇಳಬೇಕಲ್ವಾ? ಮಳೆ. ಧೌಲಾಧಾರ್‌ಗೆ ಮೋಡ ಡಿಕ್ಕಿ ಹೊಡೆದು ಸುರಿಯುತ್ತದೆ, ಜುಲೈ, ಆಗಸ್ಟ್ ಎರಡು ತಿಂಗಳು ಬಟ್ಟೆ ಒಣಗಲಿಲ್ಲ. ಇವರ ಚರ್ಮದ ಬೆಲ್ಟಿಗೆ ಹಸಿರು ಬೂಷ್ಟು ಬಂತು, ನನ್ನ ರೇಷ್ಮೆ ಸೀರೆಗಳನ್ನು ಪುಣೆಗೆ ಕಳಿಸಿದೆ. ಮಲೆನಾಡಿನವರಿಗೆ ಇದೇನೂ ಅನ್ನಿಸದು, ನಮ್ಮಂಥ ಬಯಲುಸೀಮೆಯವರಿಗೆ ಕಷ್ಟ. 2023 ಮತ್ತು 2025ರ ಮಳೆಗಾಲ ಮಂಡಿ, ಕುಲ್ಲು ಕಡೆ ಎಷ್ಟು ಹಾನಿ ಮಾಡಿತು ಅಂತ ನೀವೂ ಟಿವಿಯಲ್ಲಿ ನೋಡಿರುತ್ತೀರಿ, ಮನೆ ಹಿಡಿಯುವಾಗ ಹೊಳೆ ದಂಡೆ ಬಿಟ್ಟು ಮೇಲೆ ಹುಡುಕಿ. ಭೂಕಂಪದ ಭಯವೂ ಇದೆ. 1905ರ ಏಪ್ರಿಲ್ 4ರಂದು ಕಾಂಗ್ರಾ ನಡುಗಿ ಸುಮಾರು 20 ಸಾವಿರ ಜನ ಸತ್ತಿದ್ದರು. ಅದಕ್ಕೆ ನಮ್ಮದು ಒಂದೇ ಅಂತಸ್ತಿನ ಮನೆ, ಕೇಳಿಯೇ ಹಿಡಿದದ್ದು.

ಊರಿಗೆ ಬರುವುದು ಎರಡೂ ಕಡೆಯಿಂದ ತಲೆನೋವೇ. ಅಲ್ಮೋಡಾಕ್ಕೆ ರೈಲು ಕಾಠಗೋದಾಮ್‌ಗೆ ಮುಗಿಯುತ್ತದೆ, ಅಲ್ಲಿಂದ ಟ್ಯಾಕ್ಸಿ, ನಡುವೆ ಕೈಂಚಿ ಧಾಮ ಆಶ್ರಮದ ಹತ್ತಿರ ಟ್ರಾಫಿಕ್ ಜಾಮ್. ಬೆಂಗಳೂರಿನ ಟ್ರಾಫಿಕ್ ಬಿಟ್ಟು ಬಂದವರು ಬೆಟ್ಟದಲ್ಲಿ ಎರಡು ಗಂಟೆ ಕಾರಿನಲ್ಲಿ ಕೂರುವುದು ಎಂಥ ಶಿಕ್ಷೆ! ಪಾಲಂಪುರಕ್ಕೆ ಗಗ್ಗಲ್‌ನಲ್ಲಿ ಸಣ್ಣ ಏರ್‌ಪೋರ್ಟ್ ಇದೆ, ಮೋಡ ಕವಿದರೆ ವಿಮಾನ ರದ್ದು. ನಾವು ದೆಹಲಿಯಿಂದ ರಾತ್ರಿ ಬಸ್ಸಿಗೇ ಹತ್ತುವವರು.

ಅದಕ್ಕೆ ನನ್ನ ಲೆಕ್ಕ ಇದು. ನಿಮಗೆ ನಲವತ್ತು ದಾಟಿಲ್ಲ, ಮಂಡಿ ಗಟ್ಟಿ ಇದೆ, ತಿಂಗಳ ಸಾಮಾನು ಒಂದೇ ಸಲ ತರುವ ಅಭ್ಯಾಸ ಇದೆ, ಮಳೆ ಸಹಿಸಲು ಆಗುವುದಿಲ್ಲ ಅಂದರೆ ಅಲ್ಮೋಡಾ ಇರುವ ಕುಮಾವೂಂ ಕಡೆ ಹೋಗಿ. ಆ ನೋಟ, ಆ ಜನ ನಿಮಗೆ ಬೇರೆ ಕಡೆ ಸಿಗುವುದಿಲ್ಲ. ಮನೆ ನೋಡಿದ ದಿನ ಎರಡು ಕೈಯಲ್ಲೂ ಹತ್ತತ್ತು ಲೀಟರ್ ನೀರಿನ ಕ್ಯಾನ್ ಹಿಡಿದು ಒಂದು ಸಲ ಮೇಲಕ್ಕೆ ಹತ್ತಿ, ಆಮೇಲೆ ಅಡ್ವಾನ್ಸ್ ಕೊಡಿ. ಅಲ್ಮೋಡಾ ಪೇಟೆಯೊಳಗೇ ರಸ್ತೆ ಪಕ್ಕ ಮನೆ ಹಿಡಿದಿದ್ದರೆ ನನ್ನ ಕಥೆಯೂ ಬೇರೆಯಾಗುತ್ತಿತ್ತೇನೋ, ಆದರೆ ನನಗೆ ಅಂಗಳ ಬೇಕಿತ್ತು. ನನ್ನ ಹಾಗೆ ಐವತ್ತರ ಹತ್ತಿರ ಇದ್ದು, ಸೊಪ್ಪು ತರಕಾರಿ ದಿನಾ ತರುವವರಾದರೆ, ತಿಂಗಳಿಗೆ ಮೂರು ಸಾವಿರ ಜಾಸ್ತಿ ಕೊಟ್ಟು ಪಾಲಂಪುರದಲ್ಲಿರಿ. ಬೂಷ್ಟು ಒರೆಸಬಹುದು.

ಹೋದ ವಾರ ಆಮಾ ಐದು ಕೆಜಿ ಮಂಡುವಾ ಹಿಟ್ಟು, ಎರಡು ಕೆಜಿ ಗಹತ್ ಪಾರ್ಸೆಲ್ ಮಾಡಿಸಿ ಕಳಿಸಿದ್ದರು. ಕೊರಿಯರ್ ಹುಡುಗ ಬಾಗಿಲಿಗೇ ತಂದುಕೊಟ್ಟ. ಅಲ್ಲಿ ಅದನ್ನು ಮೇಲಿನ ರಸ್ತೆಯವರೆಗೆ ಹೊತ್ತು ಹತ್ತಿದವರು ಯಾರು ಅಂತ ಫೋನ್ ಮಾಡಿ ಕೇಳಿದೆ. "ನಾನೇ, ಹೇಗೂ ಹುಲ್ಲಿಗೆ ಹೋಗುತ್ತಿದ್ದೆ" ಅಂದರು.