ಮೂಡ್ ಸ್ಕೋರ್ ಕೊಡುವ ಗಟ್ ಟೆಸ್ಟ್ ಕಿಟ್: ಎರಡು ಸ್ಟಾರ್

ನಾನು ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುವವಳು. ಇದಕ್ಕೂ ಶುಗರ್ ಟೆಸ್ಟ್ ಥರ ಒಂದು ನಂಬರ್ ಇರಬಾರದಿತ್ತಾ ಅಂತ ಆಗಾಗ ಅನ್ನಿಸುತ್ತದೆ. "ಸುಮ್ನೆ ಜಾಸ್ತಿ ಯೋಚನೆ ಮಾಡ್ತೀಯ ಅಷ್ಟೇ" ಅನ್ನುವವರ ಮುಂದೆ ಹಿಡಿಯುವುದಕ್ಕಾದರೂ ಆಗುತ್ತಿತ್ತು. ಮಲ ಪರೀಕ್ಷೆ ಮಾಡಿ ಮೂಡ್ ಸ್ಕೋರ್ ಹೇಳುತ್ತೇವೆ ಎನ್ನುವ ಈ ಕಿಟ್ ತರಿಸಿದ್ದು ಅದೇ ಆಸೆಗೆ.

ಸ್ಯಾಂಪಲ್ ತೆಗೆಯುವುದು ಅಂದುಕೊಂಡಷ್ಟು ಅಸಹ್ಯ ಅಲ್ಲ. ಟ್ಯೂಬಿನ ಮುಚ್ಚಳದಲ್ಲೇ ಪುಟ್ಟ ಚಮಚ ಇದೆ. ಸೂಚನೆಗಳೂ ಸ್ಪಷ್ಟ.

ರಿಪೋರ್ಟ್‌ನಲ್ಲಿ ಕಾಪ್ರೊಕಾಕಸ್ ಅನ್ನುವ ಕರುಳಿನ ಬ್ಯಾಕ್ಟೀರಿಯಾ "ಕಡಿಮೆ" ಅಂತ ಕೆಂಪಕ್ಷರದಲ್ಲಿ ಬಂತು. ಇದು ಪೂರ್ತಿ ಗಾಳಿಮಾತಲ್ಲ. 2019ರಲ್ಲಿ ಬೆಲ್ಜಿಯಂನ ಸಂಶೋಧಕರು ಸಾವಿರಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿದ್ದರು. ಖಿನ್ನತೆ ಇದ್ದವರಲ್ಲಿ ಕಾಪ್ರೊಕಾಕಸ್, ಡಯಾಲಿಸ್ಟರ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾ, ಎರಡೂ ಕಡಿಮೆ ಇದ್ದವು. ಮಾತ್ರೆಗಳ ಪರಿಣಾಮ ಲೆಕ್ಕ ಹಾಕಿದ ಮೇಲೂ ಆ ವ್ಯತ್ಯಾಸ ಉಳಿಯಿತು. ಆದರೆ ಅದು ಸಾವಿರ ಜನರ ಲೆಕ್ಕ. ನನ್ನೊಬ್ಬಳ ಟ್ಯೂಬ್ ನೋಡಿ ರೋಗ ಹೇಳುವುದು ಬೇರೆ ಮಾತು, ಅಲ್ವಾ? ಕಾಪ್ರೊಕಾಕಸ್ ಕಡಿಮೆಯಾಗುವುದು ಬೇರೆ ಮಾನಸಿಕ ಕಾಯಿಲೆಗಳಲ್ಲೂ ಕಂಡಿದೆ. ಮೇಲಾಗಿ, ಮನಸ್ಸು ಕುಸಿದಾಗ ಊಟ, ನಿದ್ದೆ, ಓಡಾಟ ಎಲ್ಲ ಕೆಡುತ್ತದೆ. ಕರುಳೂ ಬದಲಾಗುತ್ತದೆ. ಯಾವುದರಿಂದ ಯಾವುದು ಅಂತ ಈ ಸ್ಕೋರ್ ಹೇಳುವುದಿಲ್ಲ.

ಅವರ ಫಾರಂನಲ್ಲಿ ಆಂಟಿಬಯಾಟಿಕ್ ಬಗ್ಗೆ ಪ್ರಶ್ನೆ ಇದೆ, ಖಿನ್ನತೆಯ ಮಾತ್ರೆ ಬಗ್ಗೆ ಇಲ್ಲ! ಬೆಲ್ಜಿಯಂನವರು ಲೆಕ್ಕಕ್ಕೆ ತೆಗೆದುಕೊಂಡಿದ್ದನ್ನು ಇವರು ಕೇಳುವುದೇ ಇಲ್ಲ. "ದೇಹದ ಸುಮಾರು 90% ಸೆರೊಟೋನಿನ್ ಕರುಳಿನಲ್ಲೇ ಇದೆ" ಅಂತ ಒಂದು ಇಡೀ ಪುಟ ಬರೆದಿದ್ದಾರೆ. ಸೆರೊಟೋನಿನ್ ಅಂದರೆ ಮಿದುಳಿನಲ್ಲಿ ಮೂಡ್ ಜೊತೆ ನಂಟಿರುವ ರಾಸಾಯನಿಕ. ಆ ಮಾತು ನಿಜ. ಆದರೆ ಆ ಸೆರೊಟೋನಿನ್ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ ಅನ್ನುವ ಒಂದು ಸಾಲು ಎಲ್ಲೂ ಇಲ್ಲ.

ತಮಾಷೆ ಏನೆಂದರೆ, ಉಪಯೋಗಕ್ಕೆ ಬಂದದ್ದು ಆ್ಯಪ್‌ನ ಮೂಲೆಯಲ್ಲಿದ್ದ ಪಿಎಚ್‌ಕ್ಯೂ-9, ಅಂದರೆ ಖಿನ್ನತೆ ಎಷ್ಟಿದೆ ಅಂತ ಅಳೆಯುವ ಪ್ರಶ್ನೆಪಟ್ಟಿ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಒಟ್ಟು 27 ಅಂಕ. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಾಕ್ಟರ್ ಹತ್ತಿರ ಮಾತಾಡುವುದು ಒಳ್ಳೆಯದು. ನನಗೆ 14 ಬಂತು, ಡಾಕ್ಟರಿಗೆ ಅದನ್ನೇ ತೋರಿಸಿದೆ. ಅದೂ ನಾವೇ ಹೇಳಿದ ಉತ್ತರದ ಮೇಲೆ ನಿಂತದ್ದು, ನಿಜ. ಆದರೆ ಸಾಯಬೇಕು ಅನ್ನಿಸುತ್ತಿದೆಯಾ ಅಂತ ಅದು ನೇರವಾಗಿ ಕೇಳುತ್ತದೆ.

ಮೂಡ್ ಸ್ಕೋರ್ ಕೊಡಲು ನೀವು ಹೋಲಿಸುವ ಜನರ ಗುಂಪಿನಲ್ಲಿ ಡಾಕ್ಟರ್ ಖಿನ್ನತೆ ಅಂತ ಗುರುತಿಸಿದವರು ಎಷ್ಟು ಜನ ಅಂತ ಕಂಪನಿಗೆ ಬರೆದು ಕೇಳಿದೆ. ಪ್ರೊಬಯಾಟಿಕ್ ಕ್ಯಾಪ್ಸೂಲ್ ಕೊಳ್ಳುವ ಲಿಂಕ್ ಕಳಿಸಿದರು. ಟ್ಯೂಬಿಗೆ ಒಂದು ಸ್ಟಾರ್, ಬ್ಯಾಕ್ಟೀರಿಯಾ ಪಟ್ಟಿಗೆ ಒಂದು. ಮೂಡ್ ಸ್ಕೋರ್‌ಗೆ ಸೊನ್ನೆ.