ಹಳೆ 407ಕ್ಕೆ ಹೊಸ ಕ್ರೌನ್-ಪಿನಿಯನ್, ರಿಪೇರಿ ಮಾಡಿಸಿದ ಶಾಫ್ಟ್: ಎರಡು ದ್ರಾಕ್ಷಿ ಸೀಸನ್ ಓಡಿಸಿದ ಮೇಲೆ

ಗಾಡಿ ಟಾಟಾ 407, ಸಣ್ಣ ಲಾರಿ. 1986ರಿಂದ ರಸ್ತೆಯ ಮೇಲಿರುವ ಗಾಡಿಯ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ. ನನ್ನದು ಹಳೆಯದು, ಸಾಲ ಎಂದೋ ತೀರಿದೆ. ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ ಕಡೆಯ ಒಣದ್ರಾಕ್ಷಿಯನ್ನು ಅಥಣಿ, ಮಿರಜ್ ಮೇಲೆ ಸಾಂಗ್ಲಿ, ತಾಸಗಾಂವ ಮಾರ್ಕೆಟ್ಟಿಗೆ ಒಯ್ಯುತ್ತೇನೆ. ಸೀಸನ್ ಇಲ್ಲದಾಗ ಇಂಡಿ ತಾಲ್ಲೂಕಿನ ನಿಂಬೆಹಣ್ಣು.

ಹಿಂದಿನ ಹೌಸಿಂಗ್‌ನಿಂದ ಗೊಂಯ್ ಎಂಬ ಆವಾಜ್ ಶುರುವಾಯಿತು. ಹೌಸಿಂಗ್ ಅಂದರೆ ಹಿಂದಿನ ಚಕ್ರಗಳ ನಡುವಿನ ದುಂಡು ಡಬ್ಬಿ; ಚಕ್ರಕ್ಕೆ ತಿರುವು ಕೊಡುವ ಹಲ್ಲಿನ ಜೋಡಿ, ದೊಡ್ಡ ಕ್ರೌನ್ ಮತ್ತು ಚಿಕ್ಕ ಪಿನಿಯನ್, ಅದರೊಳಗಿರುತ್ತವೆ. ಕ್ಲಚ್ ಬಿಟ್ಟಾಗಲೆಲ್ಲ ಕೆಳಗೆ ಟಕ್ ಎನ್ನುತ್ತಿತ್ತು. ಮನೆಯಲ್ಲಿ ಚರ್ಚೆಯೋ ಚರ್ಚೆ. ಹೊಸ ಗಾಡಿ ಅಂದರೆ ಮತ್ತೆ ಕಂತು. ದ್ರಾಕ್ಷಿ ಬಾಡಿಗೆ ಬೇಸಿಗೆಯಲ್ಲಿ ಮಾತ್ರ ಜೋರು, ಕಂತು ಹನ್ನೆರಡು ತಿಂಗಳೂ ಬರುತ್ತದೆ. ಎಂಜಿನ್ ಹೊಗೆ ಉಗುಳುತ್ತಿರಲಿಲ್ಲ, ಚಾಸಿಗೆ ತುಕ್ಕು ಹಿಡಿದಿರಲಿಲ್ಲ. ಹಾಗಾಗಿ ಇದನ್ನೇ ಮಾಡಿಸಿದೆ.

ಆದರೆ ಆವಾಜ್ ಬಂತು ಅಂತ ಸುಮ್ನೆ ಎಲ್ಲವನ್ನೂ ಬದಲಿಸಬೇಡಿ. ಟೈರಿಗೆ ಕಲ್ಲು ಕೊಟ್ಟು, ನ್ಯೂಟ್ರಲ್ ಮಾಡಿ, ಕೆಳಗೆ ಮಲಗಿ ಶಾಫ್ಟನ್ನು (ಗೇರ್‌ಬಾಕ್ಸಿನಿಂದ ಹೌಸಿಂಗಿಗೆ ಹೋಗುವ ಉದ್ದ ಪೈಪ್) ಕೈಯಿಂದ ಎಡಕ್ಕೆ ಬಲಕ್ಕೆ ತಿರುವಿ. ಕ್ರಾಸ್‌ನಲ್ಲಿ ಅಲುಗಾಟ ಇದ್ದರೆ ಅಲ್ಲೇ ಕಾಣುತ್ತದೆ. ಕ್ರಾಸ್ ಅಂದರೆ ಶಾಫ್ಟಿನ ಕೀಲಿನಲ್ಲಿರುವ ಪ್ಲಸ್ ಆಕಾರದ ತುಂಡು, ಅದರ ನಾಲ್ಕು ತುದಿಗೂ ಒಂದೊಂದು ಬೇರಿಂಗ್ ಕ್ಯಾಪ್ ಇರುತ್ತದೆ. ಶಾಫ್ಟ್ ಹೌಸಿಂಗಿಗೆ ಕೂಡುವ ಜಾಗದ ಪಿನಿಯನ್ ಫ್ಲೇಂಜನ್ನು ಮೇಲೆ ಕೆಳಗೆ ಎತ್ತಿ ನೋಡಿ, ಅದು ಅಲುಗಿದರೆ ಬೇರಿಂಗ್ ಹೋಗಿದೆ. ಓಡಿಸುವಾಗ ಇನ್ನೊಂದು ಪರೀಕ್ಷೆ: ಎಕ್ಸಿಲೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿಸಿದರೆ ಕ್ರೌನ್-ಪಿನಿಯನ್ ಮೇಲೆ ಅನುಮಾನ ಪಡಿ. ಒತ್ತಿದರೂ ಬಿಟ್ಟರೂ ಒಂದೇ ಥರ ಇದ್ದರೆ ಮೊದಲು ವೀಲ್ ಬೇರಿಂಗ್ ನೋಡಿಸಿ.

ನನ್ನ ಗಾಡಿಯಲ್ಲಿ ಕ್ರೌನ್-ಪಿನಿಯನ್, ಶಾಫ್ಟ್ ಎರಡೂ ಕೆಟ್ಟಿದ್ದವು. ಹೌಸಿಂಗ್ ಎಣ್ಣೆ ಇಳಿಸಿ ಅದರಲ್ಲಿ ಅಯಸ್ಕಾಂತ ಆಡಿಸಿದಾಗ ಕಬ್ಬಿಣದ ಚೂರುಗಳು ಮೆತ್ತಿಕೊಂಡು ಬಂದವು. ಪಿನಿಯನ್ ಒಂದನ್ನೇ ಬದಲಿಸಿದರೆ ಅರ್ಧ ದುಡ್ಡು ಉಳಿಯುತ್ತದಲ್ವಾ ಅಂತ ಕೇಳಿದೆ. ಮಿಸ್ತ್ರಿ ಕೈ ಒರೆಸಿಕೊಳ್ಳುತ್ತ, "ಬ್ಯಾಡ್ರಿ ಅಣ್ಣಾರ. ಹಾಕಿದ್ರ ಎರಡೂ ಹಾಕೂಣು, ಇಲ್ಲಂದ್ರ ಹಂಗ ಓಡಸ್ರಿ" ಅಂದರು. ಅವರ ಮಾತು ಸರಿ. ಕ್ರೌನ್ ಮತ್ತು ಪಿನಿಯನ್ ಹಲ್ಲುಗಳನ್ನು ಕಂಪನಿಯಲ್ಲೇ ಒಂದಕ್ಕೊಂದು ಉಜ್ಜಿ ಕೂಡಿಸಿರುತ್ತಾರೆ, ಎರಡರ ಮೇಲೂ ಒಂದೇ ಜೋಡಿ ನಂಬರ್ ಇರುತ್ತದೆ. ಹಳೆಯ ಕ್ರೌನಿಗೆ ಹೊಸ ಪಿನಿಯನ್ ಕೂಡಿಸಿದರೆ ಆವಾಜ್ ಹೋಗುವುದಿಲ್ಲ, ಹಲ್ಲು ಬೇಗ ತಿಂದುಹೋಗುತ್ತದೆ. ಗುಜರಿಯಲ್ಲಿ ಅಗ್ಗಕ್ಕೆ ಜೋಡಿ ಸಿಗುತ್ತಿತ್ತು, ನಾನು ತರಲಿಲ್ಲ. ಬೇರೆ ಗಾಡಿಯಲ್ಲಿ ಎಷ್ಟು ಓವರ್‌ಲೋಡ್ ಎಳೆದಿದೆಯೋ ಯಾರಿಗೆ ಗೊತ್ತು? ಹೊಸ ಜೋಡಿ, ಹೊಸ ಬೇರಿಂಗ್, ಹೊಸ ಸೀಲ್ ಹಾಕಿಸಿದೆ. ಹಲ್ಲಿಗೆ ಬಣ್ಣ ಹಚ್ಚಿ, ತಿರುವಿ, ಗುರುತು ಹಲ್ಲಿನ ನಡುವೆ ಬೀಳುವವರೆಗೆ ಶಿಮ್ (ಸಂದಿಗೆ ಇಡುವ ತೆಳು ತಗಡು) ಬದಲಿಸುತ್ತ ಕೂತ ಮಿಸ್ತ್ರಿಯ ತಾಳ್ಮೆಗೆ ಕೊಟ್ಟ ಮಜೂರಿ ಕಡಿಮೆಯೇ. ಇಷ್ಟು ಓಡಿದ ಮೇಲೂ ಹಿಂದಿನಿಂದ ಸದ್ದಿಲ್ಲ. ಅಥಣಿ ದಾರಿಯಲ್ಲಿ ಈಗ ತಾಡಪತ್ರಿ ಬಡಿದುಕೊಳ್ಳುವುದು ಕೂಡ ಕೇಳಿಸುತ್ತದೆ. ಖರ್ಚು ಮಾಡಿದ್ದಕ್ಕೆ ಪೂರ್ತಿ ಸಂತೋಷ ಇದೆ.

ಶಾಫ್ಟ್ ಮಾತ್ರ ರಿಪೇರಿಗೇ ಕೊಟ್ಟೆ. ಪೈಪ್ ನೆಟ್ಟಗಿತ್ತು, ಸ್ಪ್ಲೈನ್ (ಜಾರಿ ಕೂಡುವ ಉದ್ದ ಹಲ್ಲು) ಇದ್ದ ತುದಿ ಸವೆದಿತ್ತು. ಬೆಳಗಾವಿ ಉದ್ಯಮಬಾಗ್‌ನ ಲೇತ್‌ನಲ್ಲಿ ಆ ತುದಿ ಕತ್ತರಿಸಿ ಹೊಸದು ಕೂಡಿಸಿ ಬ್ಯಾಲೆನ್ಸ್ ಮಾಡಿಕೊಟ್ಟರು. ಹೊಸ ಶಾಫ್ಟಿಗಿಂತ ಬಹಳ ಕಡಿಮೆಯಲ್ಲಿ ಮುಗಿಯಿತು, ನಡುಗುವುದಿಲ್ಲ. ಬಿಚ್ಚುವ ಮುಂಚೆ ಎರಡೂ ತುಂಡಿಗೆ ಬಿಳಿ ಬಣ್ಣದ ಗುರುತು ಹಾಕಿಸಿ. ಎರಡು ತುದಿಯ ಯೋಕ್ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿಗೆ ಕೂಡದಿದ್ದರೆ ಎಷ್ಟು ಬ್ಯಾಲೆನ್ಸ್ ಮಾಡಿದರೂ ಗಾಡಿ ನಡುಗುತ್ತದೆ.

ನನಗೆ ಸಿಟ್ಟು ತರಿಸಿದ್ದು ಕ್ರಾಸ್. ಇಡೀ ಕೆಲಸದಲ್ಲಿ ಅದೇ ಅಗ್ಗದ ಸಾಮಾನು. ಅಂಗಡಿಯವರು ಕೊಟ್ಟ ಕ್ರಾಸಿಗೆ ಗ್ರೀಸ್ ನಿಪ್ಪಲ್ಲೇ (ಗನ್ನಿನಿಂದ ಗ್ರೀಸ್ ತುಂಬುವ ಸಣ್ಣ ಬಾಯಿ) ಇರಲಿಲ್ಲ. "ಇದು ಮೇಂಟೆನೆನ್ಸ್ ಫ್ರೀ ಐತ್ರಿ, ಸೀಲ್ ಪ್ಯಾಕ್" ಅಂದರು. ನುಣುಪು ಹೆದ್ದಾರಿಯಲ್ಲೇ ಓಡುವವರಿಗೆ ಅದು ಸಾಕಾಗಬಹುದು. ನಮ್ಮ ಗಾಡಿ ಒಣದ್ರಾಕ್ಷಿ ಶೆಡ್ಡಿಗೆ ಎರೆಮಣ್ಣಿನ ಹೊಲದೊಳಗೆ ಇಳಿಯಬೇಕು. ಬೇಸಿಗೆಯಲ್ಲಿ ಧೂಳು, ಮಳೆ ಬಿದ್ದರೆ ಶಾಫ್ಟಿಗೇ ಮೆತ್ತುವ ಕೆಸರು. ಮಳೆಗಾಲ ಮುಗಿಯುವಷ್ಟರಲ್ಲಿ ಒಂದು ಕ್ಯಾಪಿನ ಅಂಚಿನಲ್ಲಿ ಕೆಂಪು ಪುಡಿ ಕಾಣಿಸಿತು. ಒಳಗಿನ ಸೂಜಿ ಬೇರಿಂಗ್ ಒಣಗಿ ತುಕ್ಕು ಹಿಡಿದ ಲಕ್ಷಣ ಅದು. ಟಕ್ ಸದ್ದು ವಾಪಸ್ ಬಂತು. ಹೊಸ ಕ್ರೌನ್-ಪಿನಿಯನ್ ಮೇಲೆ ಆ ಏಟು ಬೀಳುತ್ತಿದೆಯಲ್ಲ ಅಂತ ಪ್ರತಿ ಸಲ ಕ್ಲಚ್ ಬಿಡುವಾಗಲೂ ಹೊಟ್ಟೆ ಉರಿಯಿತು. ವಾರಂಟಿ ಕೇಳಿದರೆ, ಹೊಲಕ್ಕೆ ಒಯ್ದಿದ್ದು ನಿಮ್ಮ ತಪ್ಪು ಎಂಬ ಉತ್ತರ. ಮಾಲು ತುಂಬುವುದು ಹೊಲದಲ್ಲೇ, ಇನ್ನೆಲ್ಲಿಗೆ ಒಯ್ಯಲಿ?

ಈಗ ಎಲ್ಲವೂ ನಿಪ್ಪಲ್ ಇರುವ ಕ್ರಾಸ್. ಕೂಡಿಸುವಾಗ ಪಕ್ಕದಲ್ಲೇ ನಿಂತಿದ್ದೆ. ನಿಪ್ಪಲ್ ಗ್ರೀಸ್ ಗನ್ನಿನ ಬಾಯಿ ಹೋಗುವ ಕಡೆ ಮುಖ ಮಾಡಿರಬೇಕು, ಎಲ್ಲ ನಿಪ್ಪಲ್ ಒಂದೇ ಸಾಲಿಗೆ ಬರಬೇಕು. ಆಗ ಶಾಫ್ಟ್ ಒಮ್ಮೆ ತಿರುವಿ ನಿಲ್ಲಿಸಿದರೆ ಮಲಗಿದಲ್ಲಿಂದಲೇ ಎಲ್ಲಕ್ಕೂ ಹೊಡೆಯಬಹುದು. ಭಾನುವಾರ ಬೆಳಿಗ್ಗೆ ಗೋಣಿಚೀಲ ಹಾಸಿಕೊಂಡು ಕೆಳಗೆ ಹೋಗುತ್ತೇನೆ. ಮೊದಲು ಬಟ್ಟೆಯಿಂದ ನಿಪ್ಪಲ್ ಒರೆಸುವುದು, ಇಲ್ಲದಿದ್ದರೆ ಮಣ್ಣೂ ಗ್ರೀಸಿನ ಜೊತೆ ಒಳಗೆ ಹೋಗುತ್ತದೆ. ಆಮೇಲೆ ನಿಧಾನವಾಗಿ ಪಂಪ್. ಮೊದಲು ಕರಿ ಗ್ರೀಸ್ ಬರುತ್ತದೆ, ಆಮೇಲೆ ಹೊಸದು. ನಾಲ್ಕೂ ಕ್ಯಾಪಿನಿಂದ ಬಂದರೇ ಕೆಲಸ ಆದಂತೆ. ಮೂರರಿಂದ ಬಂದು ಒಂದು ಸುಮ್ಮನಿದ್ದರೆ, ಶಾಫ್ಟನ್ನು ಆಚೀಚೆ ಅಲುಗಿಸಿ ಮತ್ತೆ ಹೊಡೆಯುತ್ತೇನೆ. ಆ ನಾಲ್ಕನೆಯದೇ ಮುಂದೆ ಕೈ ಕೊಡುವುದು. ಕೊನೆಗೆ ಶಾಫ್ಟನ್ನು ನಡುವೆ ಹಿಡಿದಿರುವ ಸೆಂಟರ್ ಬೇರಿಂಗ್ ರಬ್ಬರ್ ಹರಿದಿದೆಯೇ ಅಂತ ಬೆರಳಿನಿಂದ ಒತ್ತಿ ನೋಡಿ ಹೊರಗೆ ಬರುತ್ತೇನೆ. ಈ ಕೆಲಸ ನನಗೆ ತುಂಬ ಇಷ್ಟ, ಡ್ರೈವರಿಗೂ ಬಿಟ್ಟುಕೊಡುವುದಿಲ್ಲ.

ಕ್ಲಚ್ ಬಗ್ಗೆ ಎರಡೇ ಮಾತು. ಗೇರ್‌ಬಾಕ್ಸ್ ಇಳಿಸುವ ಮಜೂರಿ ಹೇಗೂ ಒಂದೇ, ಹಾಗಾಗಿ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ. ಊರೊಳಗಿನ ಬಾಡಿಗೆಗೆ ಹೊಸ ಲೈನಿಂಗ್ ಹೊಡೆಸಿದ ಹಳೆ ಪ್ಲೇಟ್ ನಡೆಯುತ್ತದೆ, ದೂರದ ಲೋಡಿಗೆ ನಾನು ನಂಬುವುದಿಲ್ಲ.

ಈಗ ಎರಡನೇ ಗೇರ್ ಬೀಳುವಾಗ ಕರ್ ಅನ್ನುತ್ತಿದೆ, ಗೇರ್ ಸದ್ದಿಲ್ಲದೆ ಕೂಡಿಸುವ ಸಿಂಕ್ರೊ ರಿಂಗ್ ಸವೆದಿರಬೇಕು. ಅದನ್ನೂ ಬದಲಿಸಿ ಇದನ್ನೇ ಓಡಿಸುತ್ತೇನೆ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಪಾಸಿಂಗ್ (ಆರ್‌ಟಿಒ ಫಿಟ್‌ನೆಸ್ ತಪಾಸಣೆ) ಇದ್ದೇ ಇರುತ್ತದೆ, ಆಗ ಚಾಸಿಯನ್ನು ಚೆನ್ನಾಗಿ ತೊಳೆಸಿ ನೋಡುತ್ತೇನೆ. ಚಾಸಿಯೋ ಹೌಸಿಂಗೋ ಸೀಳಿದ್ದು ಕಂಡರೆ ಮಾತ್ರ ಗಾಡಿ ಕೊಡುವುದು.