ಕರಿ ಕಾಯಿಗೆ ಬರ್ಲಿನ್ನೋ, ಪೆಟ್ರಾಫೋ?

ಬರ್ಲಿನ್, ಪೆಟ್ರಾಫ್ ಎರಡೂ ಚೆಸ್‌ನಲ್ಲಿ ಕರಿ ಕಾಯಿಯವರು ಆಟ ಶುರುಮಾಡುವ ರೀತಿಗಳು. ಕರಿ ಕಾಯಿ ಹಿಡಿದು, ನಮಗಿಂತ ರೇಟಿಂಗ್ ಜಾಸ್ತಿ ಇರುವವರ ಎದುರು ಡ್ರಾ ಮಾಡಿ ಅರ್ಧ ಪಾಯಿಂಟ್ ಗಿಟ್ಟಿಸಬೇಕು ಅಂದರೆ ನನ್ನ ಓಟು ಪೆಟ್ರಾಫ್‌ಗೆ. ಬರ್ಲಿನ್ ಕೋರ್ಸಿಗೆ ದುಡ್ಡು ಸುರಿದ ಮೇಲೂ ಇದೇ ಮಾತು.

ಬರ್ಲಿನ್ ಕೆಟ್ಟದ್ದಲ್ಲ. 2000ರಲ್ಲಿ ಲಂಡನ್ನಿನ ವಿಶ್ವ ಪಟ್ಟದ ಪಂದ್ಯದಲ್ಲಿ ಕ್ರಾಮ್ನಿಕ್ ಅದನ್ನೇ ಗೋಡೆಯಾಗಿ ಕಟ್ಟಿದರು. ಚಾಂಪಿಯನ್ ಕಾಸ್ಪರೋವ್ ಒಂದೂ ಆಟ ಗೆಲ್ಲಲಾಗದೆ ಪಟ್ಟ ಕಳೆದುಕೊಂಡರು. ನನ್ನ ತಕರಾರು ಬೇರೆ: ಅದು ಬೋರ್ಡಿನ ಮೇಲೆ ಬರುವುದೇ ಅಪರೂಪ. ಮೂರನೇ ನಡೆಗೆ ಬಿಳಿಯವರು ಒಂಟೆಯನ್ನು ಬಿ5 ಮನೆಗೆ ತಂದರೆ ತಾನೇ ಬರ್ಲಿನ್? ನಾನು ಆಡುವ ಟೂರ್ನಿಗಳಲ್ಲಿ ಹುಡುಗರು ಅದನ್ನು ಸಿ4ಕ್ಕಿಟ್ಟು ಇಟಾಲಿಯನ್ ಅನ್ನುವ ಬೇರೆ ಆರಂಭ ಶುರುಮಾಡುತ್ತಾರೆ, ಇಲ್ಲವೇ ಪದಾತಿಯನ್ನು ಡಿ4ಕ್ಕೆ ತಳ್ಳಿ ಸ್ಕಾಚ್ ಅನ್ನುವ ಇನ್ನೊಂದು. ಕಲಿತದ್ದೆಲ್ಲ ಮನೆಯಲ್ಲೇ ಉಳಿಯಿತು.

ಬಂದಾಗಲೂ ಸುಖವಿಲ್ಲ. ಎಂಟನೇ ನಡೆಗೆ ಮಂತ್ರಿಗಳು ಹೋಗಿ, ಕ್ಯಾಸ್ಲಿಂಗ್ (ರಾಜನನ್ನು ಆನೆಯ ಪಕ್ಕ ಭದ್ರವಾಗಿ ಕೂರಿಸುವ ನಡೆ) ಕಳೆದುಕೊಂಡ ನಮ್ಮ ರಾಜ ಡಿ8ರಲ್ಲಿ ನಿಂತಿರುತ್ತಾನೆ. ಎರಡು ಒಂಟೆ ನಮ್ಮ ಕೈಲಿವೆ, ನಿಜ. ಆನೆಗಳು ಒಂದಕ್ಕೊಂದು ಕೂಡಲು ಮಾತ್ರ ಯುಗ ಬೇಕು. ಗ್ರಾಂಡ್‌ಮಾಸ್ಟರುಗಳು ಮಂತ್ರಿಯನ್ನು ಇ4, ಡಿ4 ಅಂತ ಓಡಾಡಿಸಿ ಬೇಗ ಡ್ರಾ ಮಾಡಿ ಏಳುವ ದಾರಿಯೂ ಇದರಲ್ಲೇ ಇದೆ. ಆದರೆ ಅದಕ್ಕೆ ಬಿಳಿಯವರೂ ಮನಸ್ಸು ಮಾಡಬೇಕಲ್ಲ!

ಪೆಟ್ರಾಫ್‌ನಲ್ಲಿ ಎರಡನೇ ನಡೆಗೇ ಕುದುರೆ ಎಫ್6. ಇ5ರ ನಮ್ಮ ಪದಾತಿಯನ್ನು ಅವರ ಕುದುರೆ ಹೊಡೆದ ತಕ್ಷಣ ಇ4ರ ಅವರ ಪದಾತಿ ಹೊಡೆಯಬೇಡಿ, ಮೊದಲು ಪದಾತಿಯನ್ನು ಡಿ6ಕ್ಕೆ ತಳ್ಳಿ ಆ ಕುದುರೆ ಓಡಿಸಿ. ಅವಸರಪಟ್ಟರೆ ಬಿಳಿ ಮಂತ್ರಿ ಇ2ಕ್ಕೆ ಬರುತ್ತದೆ. ನಮ್ಮ ಕುದುರೆ ಹಿಂದೆ ಸರಿದರೆ ಅವರ ಕುದುರೆ ಸಿ6ಕ್ಕೆ ಹಾರಿ ಡಿಸ್ಕವರ್ಡ್ ಚೆಕ್ (ಕುದುರೆ ಸರಿದೊಡನೆ ಹಿಂದಿದ್ದ ಮಂತ್ರಿಯಿಂದ ರಾಜನಿಗೆ ಚೆಕ್), ನಮ್ಮ ಮಂತ್ರಿ ಗೋತಾ.

ಈಚೆಗೆ ಒಬ್ಬ ಹಿರಿಯ ಆಟಗಾರರ ಎದುರು ಇದನ್ನೇ ಆಡಿದೆ. ತೆರೆದ ಇ ಸಾಲಿನಲ್ಲಿ ಆನೆಗಳೆಲ್ಲ ಹೊಡೆದಾಡಿ ಖಾಲಿ. ಉಳಿದದ್ದು ಒಂದೊಂದು ಒಂಟೆ, ಒಂದಷ್ಟು ಪದಾತಿ. ಮೂವತ್ತು ನಡೆಗೆ ಮೊದಲು ಮಾತಾಡಿಕೊಂಡು ಡ್ರಾ ಮಾಡುವಂತಿಲ್ಲ ಅಂತ ಆ ಟೂರ್ನಿಯ ನಿಯಮ, ಆದರೆ ಅದೇ ಸ್ಥಿತಿ ಮೂರು ಸಲ ಬಂದರೆ ಅಡ್ಡಿಯಿಲ್ಲ. ಮೂರನೇ ಸಲ ಆ ಸ್ಥಿತಿ ತರುವ ನಡೆಗೆ ಕಾಯಿ ಮುಟ್ಟದೆ, ನಡೆಯನ್ನು ಹಾಳೆಯಲ್ಲಿ ಬರೆದು, ಗಡಿಯಾರ ನಿಲ್ಲಿಸಿ ಆರ್ಬಿಟರನ್ನು (ತೀರ್ಪುಗಾರರನ್ನು) ಕರೆದೆ. ಕಾಯಿ ಮುಟ್ಟಿಬಿಟ್ಟರೆ ಆ ನಡೆಗೆ ಡ್ರಾ ಕೇಳುವ ಹಕ್ಕು ಹೋಗುತ್ತದೆ.

ಪೆಟ್ರಾಫ್ ಸಪ್ಪೆ ಅನ್ನುವವರು 2018ರ ವಿಶ್ವ ಚಾಂಪಿಯನ್‌ಷಿಪ್‌ನ ಆರನೇ ಆಟ ನೋಡಲಿ. ಕರುವಾನಾ ಕರಿ ಕಾಯಲ್ಲಿ ಕಾರ್ಲ್‌ಸನ್‌ರನ್ನು 80 ನಡೆ ಬೆವರಿಳಿಸಿದರು, ಅದೂ ಡ್ರಾ. ಬಿಳಿಯವರಲ್ಲಿ ಐದನೇ ನಡೆಗೆ ಕುದುರೆ ಸಿ3ಕ್ಕೆ ಇಟ್ಟು, ಉದ್ದ ಕ್ಯಾಸ್ಲಿಂಗ್ (ಮಂತ್ರಿಯ ಕಡೆಗೆ) ಮಾಡಿ ನುಗ್ಗುವವರಿದ್ದಾರೆ, ಅದನ್ನಷ್ಟು ಓದಿಕೊಳ್ಳಿ.

ಆಫೀಸು ಮುಗಿಸಿ ಅರ್ಧ ಗಂಟೆ ಸಿಕ್ಕರೆ ಹೆಚ್ಚು ಅನ್ನುವ ನನಗೆ ಇಷ್ಟು ಸಾಕು. ಗೆಲ್ಲಲೇಬೇಕಾದ ಸುತ್ತಿನಲ್ಲಿ ಮಾತ್ರ ಎರಡೂ ಬೇಡ, ಸಿಸಿಲಿಯನ್ ಅನ್ನುವ ಇನ್ನೊಂದು ಆರಂಭ ಆಡುತ್ತೇನೆ.